ಯಾರೂ ಹೇಳದ ಮಿತಿ

ವೆಸ್ಟ್ ವರ್ಜೀನಿಯಾದ ಕೆರ್ಮಿಟ್ ಎಂಬ ಊರಿನಲ್ಲಿ ಇದ್ದದ್ದು ಸುಮಾರು 400 ಜನ. ಅಲ್ಲಿನ ಒಂದು ಔಷಧ ಅಂಗಡಿಗೆ ಎರಡೇ ವರ್ಷದಲ್ಲಿ ಬಂದಿಳಿದ, ಚಟ ಹಿಡಿಸುವ ಓಪಿಯಾಯ್ಡ್ ನೋವುನಿವಾರಕ ಹೈಡ್ರೊಕೊಡೋನ್ ಮಾತ್ರೆಗಳು ಹತ್ತಿರಹತ್ತಿರ 90 ಲಕ್ಷ. ಪತ್ರಕರ್ತ ಎರಿಕ್ ಐರ್ 2016ರಲ್ಲಿ ಇದನ್ನು ಬಯಲಿಗೆಳೆದು ಮರುವರ್ಷ ಪುಲಿಟ್ಜರ್ ಪಡೆದರು. ಅಳತೆ ಮೀರಿದ, ವಾಡಿಕೆ ತಪ್ಪಿದ, ಪದೇ ಪದೇ ಬರುವ ಆರ್ಡರುಗಳನ್ನು ಸಗಟು ವಿತರಕರು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಆಗಲೂ ಇತ್ತು. ಪಾಲಿಸಬೇಕಾದವರು ಕಣ್ಣು ಮುಚ್ಚಿಕೊಂಡಿದ್ದರು.

ಆ ಕಣ್ಣು ತೆರೆಸಿದ್ದು ನ್ಯಾಯಾಲಯದ ಭಯ. ಅಮೆರಿಕದ ಔಷಧ ಸಗಟು ವ್ಯಾಪಾರದ ಬಹುಪಾಲನ್ನು ಕೈಯಲ್ಲಿಟ್ಟುಕೊಂಡಿರುವ ಮೆಕೆಸನ್, ಕಾರ್ಡಿನಲ್ ಹೆಲ್ತ್ ಮತ್ತು ಅಮೆರಿಸೋರ್ಸ್‌ಬರ್ಗನ್ (ಈಗ ಸೆಂಕೋರಾ) ಓಪಿಯಾಯ್ಡ್ ದಾವೆಗಳ ಇತ್ಯರ್ಥಕ್ಕೆ 2022ರಲ್ಲಿ ಅಂತಿಮಗೊಂಡ ಒಪ್ಪಂದದಂತೆ 18 ವರ್ಷಗಳಲ್ಲಿ 2,100 ಕೋಟಿ ಡಾಲರ್‌ವರೆಗೆ ಕೊಡಬೇಕು. ಹಣಕ್ಕಿಂತ ದೂರ ಹೋಗುವುದು ಅದರ ಷರತ್ತುಗಳು. ಪ್ರತಿ ಅಂಗಡಿಗೂ ನಿಯಂತ್ರಿತ ಔಷಧಗಳ ಒಂದೊಂದು ಗುಂಪಿಗೂ ಮಿತಿ ಗೊತ್ತುಮಾಡಬೇಕು. ಮೀರಿದ ಆರ್ಡರನ್ನು ತಡೆಹಿಡಿಯಬೇಕು. ನಿಗಾ ವಿಭಾಗಕ್ಕೆ ಮಾರಾಟ ವಿಭಾಗದ ಹಂಗು ಇರಬಾರದು. ಈ ಕೊನೆಯದಂತೂ ಮೆಚ್ಚಬೇಕಾದ ಸುಧಾರಣೆ. ಮಾಲು ಮಾರಿ ಕಮಿಷನ್ ಪಡೆಯುವವನೇ ಕಾವಲಿಗೂ ನಿಂತರೆ ಏನಾಗುತ್ತದೆ ಎಂಬುದಕ್ಕೆ ಕೆರ್ಮಿಟ್ ಸಾಕ್ಷಿ.

ತಕರಾರು ಇರುವುದು ಗುಟ್ಟಿನ ಬಗ್ಗೆ. ತಮ್ಮ ಮಿತಿ ಎಷ್ಟೆಂದು ಅಂಗಡಿಯವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಸಂಜೆ ಕಂಪ್ಯೂಟರಿನಲ್ಲಿ ಆರ್ಡರ್ ಹಾಕುತ್ತಾರೆ. ಮರುದಿನದ ಪೆಟ್ಟಿಗೆಯಲ್ಲಿ ರಕ್ತದೊತ್ತಡದ ಮಾತ್ರೆ, ಇನ್ಸುಲಿನ್ ಎಲ್ಲ ಬಂದಿರುತ್ತದೆ, ಓಪಿಯಾಯ್ಡ್ ನೋವುನಿವಾರಕ ಆಕ್ಸಿಕೊಡೋನ್ ಸಾಲಿನೆದುರು ಮಾತ್ರ ಸೊನ್ನೆ. ತಯಾರಕರಲ್ಲೇ ಮಾಲಿಲ್ಲವೋ, ಮಿತಿ ತಗುಲಿತೋ ತಿಳಿಯದು. ಕೌಂಟರಿನ ಮುಂದೆ ಕ್ಯಾನ್ಸರ್ ರೋಗಿಯ ಮಗಳು ಚೀಟಿ ಹಿಡಿದು ನಿಂತಿರುತ್ತಾಳೆ.

ಮಿತಿ ತಗುಲಲು ಅಕ್ರಮವೇ ನಡೆಯಬೇಕೆಂದಿಲ್ಲ. ರೈಟ್ ಏಡ್ ಎಂಬ ಔಷಧ ಅಂಗಡಿಗಳ ಸರಪಳಿ 2023ರಲ್ಲಿ ದಿವಾಳಿ ಅರ್ಜಿ ಹಾಕಿ, 2025ರ ಹೊತ್ತಿಗೆ ಎಲ್ಲ ಮಳಿಗೆಗಳನ್ನೂ ಮುಚ್ಚಿತು. ಅಂಥ ಮಳಿಗೆ ಮುಚ್ಚಿದ ಬೀದಿಯಲ್ಲಿ ಉಳಿದಿರುವ ಸ್ವತಂತ್ರ ಅಂಗಡಿಗೆ ಆ ರೋಗಿಗಳೆಲ್ಲ ಬಂದರೆ ಆರ್ಡರ್ ಏರಲೇಬೇಕು. ವಿತರಕರ ಗಣಕಕ್ಕೆ ಕಾಣುವುದು ಏರಿಕೆ. ಪಕ್ಕದ ಮಳಿಗೆಯ ಬೀಗ ಕಾಣುವುದಿಲ್ಲ. ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಒಂದು ಹಾಸ್ಪಿಸ್‌ನ ಜವಾಬ್ದಾರಿ ವಹಿಸಿಕೊಂಡರೂ ಇದೇ ಗತಿ.

ಹಾಗಿದ್ದರೆ ಇನ್ನೊಬ್ಬ ಸಗಟು ವಿತರಕರಲ್ಲಿ ಕೊಳ್ಳಬಾರದೇ? ಸಣ್ಣ ಅಂಗಡಿಗಳ ಕರಾರು ಸಾಮಾನ್ಯವಾಗಿ ಖರೀದಿಯ ಬಹುಪಾಲನ್ನು ಒಬ್ಬರಲ್ಲೇ ಮಾಡುವಂತೆ ಕಟ್ಟಿಹಾಕಿರುತ್ತದೆ. ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಅಂಗಡಿಯನ್ನು ಬದುಕಿಸುವುದೇ ಆ ರಿಯಾಯಿತಿ. ಮೇಲಾಗಿ ನಿಯಂತ್ರಿತ ಔಷಧಕ್ಕೆಂದೇ ಎರಡನೇ ಖಾತೆ ತೆರೆದರೆ ಅದೇ ಹೊಸ ಸಂಶಯಕ್ಕೆ ದಾರಿ.

ಗುಟ್ಟನ್ನು ಸಮರ್ಥಿಸುವವರ ವಾದ ಸುಳ್ಳಲ್ಲ: ಮಿತಿ ಗೊತ್ತಾದರೆ ಕಳ್ಳ ಅಂಗಡಿಯವನು ಅದರ ಅಂಚಿನವರೆಗೆ ಮಾತ್ರ ತರಿಸಿ ತಪ್ಪಿಸಿಕೊಳ್ಳುತ್ತಾನೆ. ಆದರೆ ಎರಡು ಆರ್ಡರ್ ನಿಂತರೆ ಆ ಕಳ್ಳನೂ ಗೆರೆ ಎಲ್ಲಿದೆಯೆಂದು ಊಹಿಸಬಲ್ಲ. ಊಹಿಸಲು ಅಂಜುವವರು ಪ್ರಾಮಾಣಿಕರು. ಅವರು ಗೆರೆ ಮುಟ್ಟುವ ಮೊದಲೇ ಹಿಂದೆ ಸರಿದು ಹೊಸ ರೋಗಿಗಳನ್ನು ವಾಪಸು ಕಳಿಸುತ್ತಾರೆ. ಬ್ಯುಪ್ರೆನಾರ್ಫಿನ್ ವಿಷಯದಲ್ಲಿ ಇದು ವಿಪರೀತಕ್ಕೆ ಮುಟ್ಟಿದೆ. ಅದು ಓಪಿಯಾಯ್ಡ್ ಚಟ ಬಿಡಿಸಲು ಕೊಡುವ ಮದ್ದು. ಅದನ್ನು ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಅನುಮತಿಯನ್ನು ಅಮೆರಿಕದ ಸಂಸತ್ತು 2022ರ ಕೊನೆಯಲ್ಲಿ ತೆಗೆದುಹಾಕಿತು. ವೈದ್ಯರ ಬಾಗಿಲು ತೆರೆಯಿತು, ಆದರೆ ಮದ್ದು ನಿಯಂತ್ರಿತ ಪಟ್ಟಿಯಲ್ಲೇ ಇರುವುದರಿಂದ ಅಂಗಡಿಯ ಬಾಗಿಲಲ್ಲಿ ಮಿತಿಯ ಭಯ ಹಾಗೇ ಉಳಿಯಿತು. ಚಟದ ಅನಾಹುತಕ್ಕೆ ಪರಿಹಾರವೆಂದು ಬಂದ ಒಪ್ಪಂದ ಚಟದ ಚಿಕಿತ್ಸೆಗೇ ಅಡ್ಡಗಾಲಾಗಿದೆ.

ಈ ಗುಟ್ಟಿನ ಮಿತಿಗೆ ಔಷಧ ವೃತ್ತಿಯವರು ಕಂಡುಕೊಂಡಿರುವ ದಾರಿ ಕಡತ ಕಟ್ಟುವುದು. ಹಾಸ್ಪಿಸ್ ಕರಾರು, ಮುಚ್ಚಿದ ಮಳಿಗೆಯ ಸುದ್ದಿ, ಚೀಟಿ ಬರೆದ ವೈದ್ಯರ ಜೊತೆಗಿನ ಮಾತುಕತೆಯ ಟಿಪ್ಪಣಿ, ನಗದಿಗೆ ಕೊಂಡವರ ಪ್ರಮಾಣ ಎಲ್ಲವನ್ನೂ ಜೋಡಿಸಿ, ಆರ್ಡರ್ ನಿಲ್ಲುವ ಮೊದಲೇ ಮಿತಿ ಏರಿಸಲು ಅರ್ಜಿ ಹಾಕುವುದು. ಒಳ್ಳೆಯ ಅಭ್ಯಾಸವೇ, ಪ್ರತಿ ಚೀಟಿಯ ಹಿಂದೆ ನಿಜವಾದ ಚಿಕಿತ್ಸೆ ಇದೆಯೇ ಎಂದು ನೋಡುವ ಹೊಣೆಯನ್ನು ಕಾನೂನು ಫಾರ್ಮಸಿಸ್ಟ್ ಮೇಲೂ ಹೊರಿಸಿದೆ. ಆದರೆ ದೊಡ್ಡ ಸರಪಳಿಗಳಿಗೆ ಈ ಕೆಲಸಕ್ಕೆಂದೇ ವಿಭಾಗವಿದೆ. ಮಾತ್ರೆ ಎಣಿಸುವವರೇ ಫೋನ್ ಎತ್ತುವ ಸಣ್ಣ ಅಂಗಡಿಯಲ್ಲಿ ಅದು ರಾತ್ರಿಯ ಕೆಲಸ.

ಮಿತಿಯೇ ಬೇಡವೆನ್ನುವವರು ಕೆರ್ಮಿಟ್ ಮರೆತವರು. ಬೇಕಾಗಿರುವುದು ಕಾರಣ ಹೇಳುವ ಮಿತಿ: ಆರ್ಡರ್ ನಿಂತರೆ ಏಕೆಂದು ಬರಹದಲ್ಲಿ ತಿಳಿಸಬೇಕು, ಅರ್ಜಿಗೆ ಗಡುವಿನೊಳಗೆ ಉತ್ತರ ಬರಬೇಕು, ಬ್ಯುಪ್ರೆನಾರ್ಫಿನ್‌ಗೆ ಬೇರೆಯೇ ಅಳತೆಗೋಲು ಇರಬೇಕು. ಈಗಿನ ವ್ಯವಸ್ಥೆ ವಿತರಕರನ್ನು ಮುಂದಿನ ದಾವೆಯಿಂದ ಚೆನ್ನಾಗಿ ಕಾಪಾಡುತ್ತಿದೆ. ರೋಗಿಯನ್ನೂ ಅಷ್ಟೇ ಮುತುವರ್ಜಿಯಿಂದ ಕಾಪಾಡುವವರೆಗೆ ಅದನ್ನು ಅರೆಬರೆ ಸುಧಾರಣೆ ಎಂದೇ ಕರೆಯಬೇಕಾಗುತ್ತದೆ.