ವಿಕಿರಣದ ಲೆಕ್ಕವೂ ಸಾಕ್ಷ್ಯದ ನ್ಯಾಯವೂ

ಅಣ್ವಸ್ತ್ರ ಪರೀಕ್ಷೆಗಳಲ್ಲಿ ಪಾಲ್ಗೊಂಡ ಸೈನಿಕರಿಗೆ ತಾಗಿದ ವಿಕಿರಣವೆಷ್ಟು ಎಂಬ ಪ್ರಶ್ನೆ ಕೇವಲ ಭೌತವಿಜ್ಞಾನಕ್ಕೆ ಸೇರಿದುದೆಂದು ತೋರಬಹುದು. ಆದರೆ ದಶಕಗಳು ಕಳೆದ ಮೇಲೆ, ಅಳಿದುಳಿದ ದಾಖಲೆಗಳಿಂದ ಅದನ್ನು ನಿರ್ಣಯಿಸಬೇಕಾದಾಗ ಅದು ಇತಿಹಾಸದ ಪ್ರಶ್ನೆಯೂ ಆಗುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿಯು ಈ ವಿಷಯವನ್ನು ಕುರಿತು 2003ರಲ್ಲಿ ಪ್ರಕಟಿಸಿದ ವರದಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

1945ರಿಂದ 1962ರವರೆಗೆ ಅಮೆರಿಕವು ಮುಖ್ಯವಾಗಿ ನೆವಾಡದ ಮರುಭೂಮಿಯಲ್ಲಿಯೂ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಬಯಲಿನಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ವಿಕಿರಣವನ್ನಳೆಯುವ ಫಿಲ್ಮ್ ಬಿಲ್ಲೆಗಳನ್ನು ಅನೇಕ ವೇಳೆ ಒಂದು ತುಕಡಿಯ ಕೆಲವರಿಗೆ ಮಾತ್ರ ಕೊಟ್ಟು, ಅವರ ಪ್ರಮಾಣವನ್ನೇ ಉಳಿದವರಿಗೂ ಅನ್ವಯಿಸಲಾಯಿತು. ಉಸಿರಿನೊಡನೆ ಒಳಸೇರಿದ ಧೂಳನ್ನು ಆ ಬಿಲ್ಲೆ ಅಳೆಯಲಾರದು. ಸಾಲದುದಕ್ಕೆ, 1973ರಲ್ಲಿ ಸೇಂಟ್ ಲೂಯಿಯ ದಾಖಲೆ ಭಂಡಾರಕ್ಕೆ ಬೆಂಕಿ ಬಿದ್ದು ಲಕ್ಷಾಂತರ ಸೈನಿಕರ ಕಡತಗಳು ನಾಶವಾದುವು.

ಇಂತಹ ಸಂದರ್ಭದಲ್ಲಿ, ತಾಗಿರಬಹುದಾದ ಗರಿಷ್ಠ ಪ್ರಮಾಣವನ್ನು ಗಣಿಸಿ ಸಂಶಯದ ಲಾಭವನ್ನು ಸೈನಿಕನಿಗೆ ಕೊಡಬೇಕೆಂಬುದೇ ನಿಯಮ. 99 ಕಡತಗಳನ್ನು ಆಯ್ದು ಪರೀಕ್ಷಿಸಿದ ಸಮಿತಿಯು, ಈ ಗರಿಷ್ಠ ಮಿತಿಯನ್ನು ಅನೇಕ ಕಡೆ ಕಡಮೆಯಾಗಿ ಗಣಿಸಲಾಗಿದೆಯೆಂದು ಕಂಡುಕೊಂಡಿತು. ಹಿಂದಿನ ಸ್ಫೋಟಗಳಿಂದ ನೆಲದ ಮೇಲೆ ಬಿದ್ದಿದ್ದ ವಿಕಿರಣಯುಕ್ತ ಧೂಳು ಹೊಸ ಸ್ಫೋಟದ ಹೊಡೆತಕ್ಕೆ ಮತ್ತೆ ಮೇಲೆದ್ದುದನ್ನು ಗಣನೆಗೆ ತೆಗೆದುಕೊಳ್ಳದಿದ್ದುದು ಅಂತಹ ಒಂದು ಲೋಪ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿರುವುದು ವರದಿಯ ಹೆಗ್ಗಳಿಕೆ.

ಆದರೆ ಪ್ರಮಾಣಗಳು ಬಹುಪಾಲು ಅಲ್ಪವಾದುದರಿಂದ, ಲೆಕ್ಕವನ್ನು ತಿದ್ದಿದರೂ ಪರಿಹಾರದ ತೀರ್ಪುಗಳು ಹೆಚ್ಚಾಗಿ ಬದಲಾಗಲಾರವೆಂದೂ ಸಮಿತಿ ಹೇಳುತ್ತದೆ. ಈ ಮಾತು ನಿಜವಿರಬಹುದು. ಆದರೂ ಅದರಿಂದ ನಮಗೆ ಸಮಾಧಾನವಿಲ್ಲ. ತೀರ್ಪು ಸರಿಯಾದ ಮಾತ್ರಕ್ಕೆ ವಿಧಾನದ ದೋಷ ಪರಿಹಾರವಾಗದು. ಮಹದೇವಪುರದ ಸುತ್ತಣ ಊರುಗಳ ಹಳೆಯ ಶಾಸನಗಳನ್ನು ಓದುವಾಗ, ಅಕ್ಷರ ಸವೆದ ಕಡೆಯಲ್ಲಿ ಏನನ್ನೂ ಬರೆದಿರಲಿಲ್ಲವೆಂದು ಯಾವ ಸಂಶೋಧಕನೂ ಹೇಳುವುದಿಲ್ಲ. ದಾಖಲೆಯಿಲ್ಲದ ಸೈನಿಕನ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲತಕ್ಕದ್ದು.

ಕಾಲದಲ್ಲಿ ಮಾಡಿದ ಅಳತೆಯ ಬೆಲೆಯೇನೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತ ಸಂಗತಿ ನೌಕರರ ವಾಡಿಕೆಯ ಮೂತ್ರಪರೀಕ್ಷೆಯಿಂದಲೇ ಬೆಳಕಿಗೆ ಬಂದಿತು. ಒಳಸೇರಿದ ಪ್ರಮಾಣವನ್ನು ವ್ಯಕ್ತಿವ್ಯಕ್ತಿಗೂ ಬೇರೆಬೇರೆಯಾಗಿ ತಿಳಿಯುವುದು ಸಾಧ್ಯವಾಯಿತು. ನೆವಾಡದ ಸೈನಿಕನಿಗೆ ಆ ಅವಕಾಶ ದೊರೆಯಲಿಲ್ಲ. ಅವನ ಪಾಲಿಗೆ ಉಳಿದುದು ಅವನ ನೆನಪೊಂದೇ. ಅದನ್ನು ಕೇಳುವ ಕೆಲಸವೂ ಅನೇಕ ಸಲ ನಡೆಯಲಿಲ್ಲ.

ಹಲಸೂರಿನ ಮದರಾಸು ಇಂಜಿನಿಯರ್ ದಳದ ಕೇಂದ್ರ ನಮಗೆ ದೂರವಿಲ್ಲ; ಸೈನಿಕರ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ನಿವೃತ್ತರಾದ ಹಿರಿಯರ ಮಾತನ್ನು ದಿನಾಂಕ, ಸ್ಥಳಗಳೊಡನೆ ಬರೆದಿಡುವ ಕಾರ್ಯವನ್ನು ವಿದ್ಯಾರ್ಥಿಗಳು ಕೈಗೊಂಡರೆ, ಮುಂದೆ ಲೆಕ್ಕ ಹಾಕುವವರಿಗೆ ಊಹೆಯೊಂದೇ ಆಧಾರವಾಗಬೇಕಾಗಿಲ್ಲ.