ಬೆಲ್ಫೆಗೋರನ ಸಂಖ್ಯೆ: ಒಂದು ವಿಮರ್ಶೆ

1000000000000066600000000000001 ಎಂಬ 31 ಅಂಕಿಗಳ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಆಲಂಕಾರಿಕರು ಇಂತಹ ರಚನೆಯನ್ನು ಗತಪ್ರತ್ಯಾಗತವೆಂದು ಕರೆದಿರುವರು. ‘ವಿಕಟಕವಿ’ ಎಂಬ ಪದವು ಎಲ್ಲರೂ ಬಲ್ಲ ನಿದರ್ಶನ. ಈ ಸಂಖ್ಯೆಯು ಅವಿಭಾಜ್ಯವೂ ಆಗಿರುವುದನ್ನು ಕಂಡುಹಿಡಿದವರು ಹಾರ್ವೆ ಡಬ್ನರ್. ಇದಕ್ಕೆ ಬೆಲ್ಫೆಗೋರ್ ಎಂಬ ನರಕಾಧಿಪತಿಯ ಹೆಸರನ್ನಿಟ್ಟವರು ಕ್ಲಿಫರ್ಡ್ ಪಿಕೋವರ್. ನಡುವೆ ಮೃಗದ ಸಂಖ್ಯೆಯಾದ 666, ಇಕ್ಕೆಲಗಳಲ್ಲಿ ಅಪಶಕುನದ 13 ಸೊನ್ನೆಗಳು: ಹೆಸರಿಗೆ ಇಷ್ಟೇ ಆಧಾರ. ಜನಪ್ರಿಯ ಬರಹಗಳು ಬಹುಮಟ್ಟಿಗೆ ಈ ಕಥೆಯಲ್ಲಿಯೇ ಮುಗಿದುಹೋಗುತ್ತವೆ. ಕಥೆಗೆ ಇತಿಹಾಸದ ಬೆಂಬಲವಿಲ್ಲ. ಗಣಿತದ ಸ್ವಾರಸ್ಯವೂ ಅಲ್ಲಿಲ್ಲ.

ಬೈಬಲ್ಲಿನ ‘ಪ್ರಕಟನೆ’ಯು ರಚಿತವಾದುದು ಗ್ರೀಕ್ ಭಾಷೆಯಲ್ಲಿ. ಗ್ರೀಕರು ಸಂಖ್ಯೆಗಳನ್ನು ಪದಗಳಲ್ಲಿಯೋ ಅಕ್ಷರಗಳಲ್ಲಿಯೋ ಬರೆಯುತ್ತಿದ್ದರು. ಆರುನೂರಕ್ಕೆ ಒಂದು ಚಿಹ್ನೆ, ಅರವತ್ತಕ್ಕೆ ಮತ್ತೊಂದು, ಆರಕ್ಕೆ ಇನ್ನೊಂದು. ಮೂರು ಆರುಗಳು ಸಾಲಾಗಿ ನಿಂತ ನೋಟವು ಆ ಗ್ರಂಥಕರ್ತನ ಕಣ್ಣಿಗೆ ಬಿದ್ದಿರಲಾರದು. ಆ ನೋಟವನ್ನು ಯೂರೋಪಿಗೆ ಒದಗಿಸಿದುದು, ಭಾರತದಲ್ಲಿ ಹುಟ್ಟಿ ಅರಬರ ಮೂಲಕ ಅಲ್ಲಿಗೆ ತಲುಪಿದ ಸ್ಥಾನಬೆಲೆಯ ಪದ್ಧತಿ. ಸಾಲದುದಕ್ಕೆ, ಕೆಲವು ಪ್ರಾಚೀನ ಪ್ರತಿಗಳಲ್ಲಿ 616 ಎಂಬ ಪಾಠವಿದೆ. ಎರಡನೆಯ ಶತಮಾನದ ಐರೇನಿಯಸನು ಅದನ್ನು ಬಲ್ಲವನಾಗಿಯೇ ತಿರಸ್ಕರಿಸಿದನು.

ಇನ್ನು 13ರ ಮಾತು. 666ರ ಎರಡು ಕಡೆಗೂ ಸಮನಾಗಿ ಸೊನ್ನೆಗಳನ್ನಿಟ್ಟು, ತುದಿಗಳಲ್ಲಿ 1ನ್ನು ಇರಿಸೋಣ. ಸೊನ್ನೆಗಳೇ ಇಲ್ಲದ 16661 ಅವಿಭಾಜ್ಯ. ಆಮೇಲೆ ದೊರೆಯುವುದು 13 ಸೊನ್ನೆಗಳದು. ಅದರ ಮುಂದಿನದು 42ರದು, ಅನಂತರ 506ರದು. ಈ ಸಾಲಿನಲ್ಲಿ 42ಕ್ಕೆ ಯಾರೂ ಪಿಶಾಚಿಯನ್ನು ಹುಡುಕಲಿಲ್ಲ! ಆರಿಸಿಕೊಂಡ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರುವುದು ಇತಿಹಾಸಕಾರನಿಗೆ ಎಷ್ಟು ನಿಷಿದ್ಧವೋ ಇಲ್ಲಿಯೂ ಅಷ್ಟೇ. ಗಾತ್ರವೂ ಬೆರಗಿಗೆ ಕಾರಣವಲ್ಲ. 31 ಅಂಕಿಗಳ ಪರೀಕ್ಷೆ ಇಂದಿನ ಗಣಕಯಂತ್ರಕ್ಕೆ ಕ್ಷಣದ ಕೆಲಸ.

ಗಮನಿಸಬೇಕಾದ ಸಂಗತಿ ಬೇರೆ. ಅವಿಭಾಜ್ಯತೆಯು ಸಂಖ್ಯೆಯ ಸ್ವಭಾವ. ಗತಪ್ರತ್ಯಾಗತವು ಬರವಣಿಗೆಯ ಗುಣ. ಇದೇ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೊದಲಲ್ಲಿ 11, ಕೊನೆಯಲ್ಲಿ 01 ಬರುತ್ತದೆ. ಸಮತೆ ಅಳಿಯುತ್ತದೆ, ಅವಿಭಾಜ್ಯತೆ ಉಳಿಯುತ್ತದೆ. ಆದರೂ ಇವೆರಡಕ್ಕೆ ಒಂದು ಗಟ್ಟಿಯಾದ ನಂಟುಂಟು. ಹತ್ತರ ಪದ್ಧತಿಯಲ್ಲಿ ಸಮಸಂಖ್ಯೆಯ ಅಂಕಿಗಳುಳ್ಳ ಗತಪ್ರತ್ಯಾಗತವೆಲ್ಲವೂ 11ರಿಂದ ಭಾಗವಾಗುತ್ತದೆ. ಏಕೆಂದರೆ ಬೆಸಸ್ಥಾನದ ಪ್ರತಿಯೊಂದು ಅಂಕಿಗೂ ಸಮಸ್ಥಾನದಲ್ಲಿ ಅದರದೇ ಜೋಡಿಯಿರುವುದರಿಂದ ಎರಡು ಸ್ಥಾನಗಳ ಮೊತ್ತಗಳೂ ಸರಿಯಾಗುತ್ತವೆ. ಆದುದರಿಂದ 11ನ್ನು ಬಿಟ್ಟರೆ ಇಂತಹ ಅವಿಭಾಜ್ಯಗಳಿಗೆ ಬೆಸಸಂಖ್ಯೆಯ ಅಂಕಿಗಳೇ ಇರಬೇಕು. ಬೆಲ್ಫೆಗೋರನಿಗೆ 31 ಅಂಕಿಗಳಿರುವುದು ಪಿಶಾಚಿಯ ಮಹಿಮೆಯಿಂದಲ್ಲ.

ಅಂಕಿಗಳ ಈ ಸೊಬಗಿಗೆ ಮನಸೋತವರಲ್ಲಿ ಡಬ್ನರ್ ಅವರೇ ಮೊದಲಿಗರಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಇಂತಹ ಸಂಖ್ಯೆಗಳನ್ನು ಕೊರಳ ಹಾರಗಳೆಂದು ಕರೆದನು. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ 1000000001. ಆದರೆ ಉದ್ದೇಶಗಳು ವಿರುದ್ಧ. ಆಚಾರ್ಯನು ಗುಣಾಕಾರದಿಂದ ಹಾರವನ್ನು ಪೋಣಿಸಿದನು. ಡಬ್ನರ್ ಅರಸಿದುದು ಹಾಗೆ ಪೋಣಿಸಲಾಗದ ಹಾರವನ್ನು. ಆಚಾರ್ಯನ ಎರಡನೆಯ ಹಾರಕ್ಕೆ ಹತ್ತು ಅಂಕಿಗಳು. ಆದುದರಿಂದ ಅದು 7ರಿಂದ ಮಾತ್ರವಲ್ಲದೆ 11ರಿಂದಲೂ ಭಾಗವಾಗಲೇಬೇಕು. ಭಾಗಿಸಿದರೆ ದೊರೆಯುವುದು 90909091.