ದರಿಯಾ ದೌಲತ್ತಿನ ಗೋಡೆ, ಹರಾಜಿನ ಕತ್ತಿ

ಯುದ್ಧದ ಚಿತ್ರಗಳನ್ನೂ ಆಯುಧಗಳನ್ನೂ ಕೂಡಿಡುವ ಹವ್ಯಾಸ ಎಲ್ಲ ದೇಶಗಳಲ್ಲಿಯೂ ಉಂಟು. ಅದರ ಗುಣದೋಷಗಳನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕವೇ ನಮ್ಮ ಈ ನೀಲಗಿರಿ ಕಂಪನಿಯ ವಶಕ್ಕೆ ಸಂದಿತು. ಕೂಕಲ್ತೊರೈಯಿಂದ ಊಟಿ, ಗುಂಡ್ಲುಪೇಟೆ, ಮೈಸೂರುಗಳ ಮೇಲೆ ಹೋದರೆ ಆ ಪಟ್ಟಣ ಒಂದು ಹಗಲಿನ ಪಯಣ. ಅಲ್ಲಿಂದ ಹೋದದ್ದೇನು, ಅಲ್ಲಿ ಉಳಿದದ್ದೇನು ಎಂಬುದನ್ನು ಕಲೆಯ ಕಣ್ಣಿನಿಂದ ನೋಡೋಣ.

ಹೋದದ್ದು ಬಹಳ. ಸೈನಿಕನ ಮೇಲೆರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಕೊಳ್ಳೆ ಹಂಚಲು ನೇಮಕವಾದವರು ತುಂಡರಿಸಿದರು. ಟಿಪ್ಪುವಿನ ಶಯನಾಗಾರದ ಕತ್ತಿಯನ್ನು ಸೇನೆಯು ದಾಳಿಯ ನಾಯಕ ಡೇವಿಡ್ ಬೇರ್ಡ್‌ನಿಗೆ ಒಪ್ಪಿಸಿತು. 2023ರ ಮೇ ತಿಂಗಳಿನಲ್ಲಿ ಅದು ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾಯಿತು. ಕೆಲಸಗಾರಿಕೆ ಚೆನ್ನಾದುದೇ. ಆದರೆ ಆ ಬೆಲೆ ಕಮ್ಮಾರನ ಕೈಗೆ ಸಂದದ್ದಲ್ಲ, ಒಡೆಯನ ಹೆಸರಿಗೆ ಸಂದದ್ದು.

ಗೋಡೆಯನ್ನು ಮಾತ್ರ ಯಾರೂ ಹೊತ್ತೊಯ್ಯಲಿಲ್ಲ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಪಡುವಣ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನವಿದೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ನಿಯಮಕ್ಕೆ ಚಿತ್ರಕಾರರು ಕಟ್ಟುಬಿದ್ದಿಲ್ಲ. ಕುದುರೆಗಳು ಸಾಲು ಸಾಲಾಗಿ ನುಗ್ಗುತ್ತವೆ. ನಡುವೆ ಕಂಪನಿಯ ಪಡೆ ಚೌಕವಾಗಿ ನಿಂತಿದೆ. ಅದರೊಳಗೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಆನೆಯ ಮೇಲಿನ ಹೈದರನೂ ಟಿಪ್ಪುವೂ ತೋಟ ನೋಡಲು ಬಂದವರಂತೆ ಹೂ ಮೂಸುತ್ತಾರೆ. ಈ ನಿರಾಳತೆ ಆಸ್ಥಾನದ ಮುಖಸ್ತುತಿ ಎಂದೇ ನಮ್ಮ ಅಭಿಪ್ರಾಯ. ಚಿತ್ರದ ಸತ್ಯವಿರುವುದು ಚೌಕದೊಳಗಿನ ಗಲಿಬಿಲಿಯಲ್ಲಿ. ಬೈಲಿಯ ಪಡೆಯಲ್ಲಿ ಬಹುಪಾಲಿನವರು ಈ ನೆಲದ ಸಿಪಾಯಿಗಳೇ. ಅವರ ಹೆಸರಿನ ಕತ್ತಿ ಯಾವ ಹರಾಜಿಗೂ ಬರುವುದಿಲ್ಲ.

ಅಂದು ಸೆರೆಸಿಕ್ಕವರಲ್ಲಿ ಬೇರ್ಡ್‌ನೂ ಒಬ್ಬ. ಆತನ ವಿಧವೆ ಡೇವಿಡ್ ವಿಲ್ಕಿಯಿಂದ ಬರೆಯಿಸಿದ, 1839ರಲ್ಲಿ ಮುಗಿದ ಚಿತ್ರದಲ್ಲಿ ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ. ಟಿಪ್ಪುವಿನ ಶವ ಕೆಳಗಿದೆ. ನೆರಳು ಬೆಳಕಿನ ನೈಪುಣ್ಯದಲ್ಲಿ ವಿಲ್ಕಿಯೇ ಮೇಲು. ಆದರೆ ಅಲ್ಲಿ ಕಣ್ಣು ಒಬ್ಬನಲ್ಲಿಯೇ ನಿಲ್ಲುತ್ತದೆ. ನಮ್ಮ ಗೋಡೆಯಲ್ಲಿ ನೂರಾರು ಜನರ ನಡುವೆ ಅಲೆಯುತ್ತದೆ.

ಗೋಡೆಯೂ ಪರಿಶುದ್ಧ ಮೂಲವೇನಲ್ಲ. ಒಮ್ಮೆ ಸುಣ್ಣ ಬಳಿದು ಮುಚ್ಚಿದ್ದನ್ನು ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಮಾಸಿದಾಗ 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಪುನಃ ಬರೆಯಲಾಯಿತು. ತಮ್ಮ ಸೋಲಿನ ಚಿತ್ರವನ್ನು ಆಂಗ್ಲರೇ ಎರಡು ಬಾರಿ ಉಳಿಸಿದರೆಂಬುದು ವಿಚಿತ್ರ. ಇದೇ ಕದನವನ್ನು ಹತ್ತು ಹಾಳೆಗಳ ಮೇಲೆ ಸುಮಾರು 32 ಅಡಿ ಉದ್ದಕ್ಕೆ ಬರೆದ ಇನ್ನೊಂದು ಚಿತ್ರ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಗೋಡೆಯ ಬಣ್ಣದ ಕೆಳಗೆ ಮೊದಲಿನ ರೇಖೆ ಎಷ್ಟು ಉಳಿದಿದೆ ಎಂದು ತೂಗಿ ನೋಡಲು ಅಂಥ ಹಾಳೆಗಳು ಬೇಕು. ಅವು ಖಾಸಗಿ ಕಪಾಟು ಸೇರಿದರೆ ಆ ಕೆಲಸ ನಿಂತಂತೆಯೇ.

ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವ ಸಂಘದ ಬಂಧುಗಳು ಆನೆಗಳಿಗಿಂತ ಮೊದಲು ಆ ಮದ್ದಿನ ಬಂಡಿಯನ್ನೂ ಅದರ ಸುತ್ತಲಿನ ಮುಖಗಳನ್ನೂ ತೋರಿಸಲಿ.